ಇಂದು ಯಾರೂ ಇಳಿಯಲಿಲ್ಲ

ಸೋಮವಾರ, ಮಾರ್ಚ್ ೧೧

ಪ್ರೀತಿಯ ತಂಗಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಮೊದಲು ಬೈದುಕೋ, ಆಮೇಲೆ ಓದು. ಮಕ್ಕಳು ಚೆನ್ನಾಗಿವೆ. ಅಮ್ಮನ ಮಂಡಿನೋವು ಹಾಗೇ ಇದೆ. ನಾನು ಮಾತ್ರ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಗುರುವಾರ ರಕ್ಷಿತ ಪ್ರದೇಶದ ಕಚೇರಿಯಲ್ಲಿ ವಿಚಾರಣೆ. ನಮ್ಮ ಹಿನ್ನೀರನ್ನು ನಮಗೆ ಶಾಶ್ವತವಾಗಿ ಮುಚ್ಚುತ್ತಾರಂತೆ.

ಚಿಪ್ಪುಮೀನು ಕಡಿಮೆಯಾಯಿತೆಂದು, ಮರಿ ಬೆಳೆಯುವ ನಾಲ್ಕು ತಿಂಗಳು ಯಾರೂ ನೀರಿಗೆ ಇಳಿಯಬಾರದೆಂದು ಕಟ್ಟುಪಾಡು ಮಾಡಿದವರು ನಾವೇ ಹೆಂಗಸರು. ಯಾವ ಸಾಹೇಬರೂ ಹೇಳಿಕೊಡಲಿಲ್ಲ. ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿದೆವು, ಸರದಿಯಲ್ಲಿ ಕಾವಲು ಕೂತೆವು. ನಾಳೆ ಯಾರೂ ನಮ್ಮನ್ನು ಕಳ್ಳರು ಅನ್ನಬಾರದಲ್ಲ, ಅದಕ್ಕೆ ದಿನವೂ ಒಂದು ಪುಸ್ತಕದಲ್ಲಿ ಬರೆದೆ: ‘ಇಂದು ಯಾರೂ ಇಳಿಯಲಿಲ್ಲ.’ ನೂರಿಪ್ಪತ್ತು ದಿನ, ನೂರಿಪ್ಪತ್ತು ಸಾಲು. ಚಿಪ್ಪು ತಿರುಗಿ ಬಂತು. ಕಾಲಿಟ್ಟಲ್ಲೆಲ್ಲ ಚುಚ್ಚುವಷ್ಟು ಬಂತು.

ಆ ಪುಸ್ತಕವನ್ನು ಎದೆಯುಬ್ಬಿಸಿಕೊಂಡು ಒಯ್ದು ದುರ್ಬೀನು ಸಾಹೇಬರ ಮೇಜಿನ ಮೇಲಿಟ್ಟವಳೂ ನಾನೇ. ರಕ್ಷಿತ ಪ್ರದೇಶದ ಹೊಸ ಅಧಿಕಾರಿ ಅವರು. ಊಟಕ್ಕೆ ಕೂತರೂ ಕೊರಳಿನ ದುರ್ಬೀನು ತೆಗೆಯುವುದಿಲ್ಲವೆಂದು, ನಮ್ಮೊಡನೆ ಕಾವಲು ಕೂರುವ ಬಲೆ ಚಿಕ್ಕಮ್ಮ ಇಟ್ಟ ಹೆಸರು. ಪುಸ್ತಕವನ್ನು ಜೆರಾಕ್ಸ್ ಮಾಡಿಸಿಕೊಂಡು ಹೇಳಿದರು:

“ಒಳ್ಳೆ ಕೆಲಸ ಕಣಮ್ಮ. ಯಾರೂ ಇಳಿಯಲ್ಲ ಅಂತ ನೀವೇ ಬರೆದಿದೀರ. ಅಂದ್ರೆ ಆ ಜಾಗ ಇಲ್ದೇನೂ ನಿಮ್ಮ ಜೀವನ ನಡೆಯುತ್ತೆ ಅಂತಾಯ್ತು.”

“ಉಳಿದ ಎಂಟು ತಿಂಗಳು ಅಲ್ಲೇ ಅಲ್ವಾ ಸಾರ್ ನಾವು ಸೊಂಟ ಬಗ್ಗಿಸೋದು?”

“ಅದಕ್ಕೆ ದಾಖಲೆ ಕೊಡಿ.”

ಉಣ್ಣುವುದನ್ನು ಯಾರು ತಂಗಿ ಬರೆದಿಡುತ್ತಾರೆ? ಅವರ ಹಿಂದಿನ ಗೋಡೆಯ ನಕ್ಷೆಯಲ್ಲಿ ನಮ್ಮ ಹಿನ್ನೀರಿಗೆ ಆಗಲೇ ಹಸಿರು ಬಳಿದಿತ್ತು. ನಡುವೆ ಪ್ರವಾಸಿ ದೋಣಿಗಳಿಗೆಂದು ನೀಲಿ ಗೆರೆ. ನಮ್ಮ ಬರಿಗಾಲು ಬಿದ್ದರೆ ನಿಸರ್ಗ ನಾಶ, ಅವರ ಮೋಟಾರು ಓಡಿದರೆ ಅಭಿವೃದ್ಧಿ. ಅದಕ್ಕೆ ‘ಜನರ ಸಹಭಾಗಿತ್ವ’ ಎಂದು ಹೆಸರಿಟ್ಟು ನನ್ನ ಸಹಿ ಕೇಳುತ್ತಿದ್ದಾರೆ. ನಾಚಿಕೆಗೆಟ್ಟವರು.

“ಓದಿದೋಳು ಅಂತ ನಿನ್ ಕೈಗೆ ಪುಸ್ತಕ ಕೊಟ್ವಿ, ನಮ್ಮನ್ನೇ ಅಳಿಸಿ ಬರೆದಿದೀಯಲ್ಲೇ” ಎಂದಳು ಬಲೆ ಚಿಕ್ಕಮ್ಮ. ನಗುತ್ತಲೇ ಅಂದಳು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಸಹಿ ಹಾಕುವುದಿಲ್ಲ. ಅಷ್ಟೂ ಹೆಂಗಸರು ಬುಟ್ಟಿ ಹೊತ್ತು ಹೋಗುತ್ತೇವೆ. ಆದರೆ ಆ ಕಚೇರಿಗೆ ಕಾಗದ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನೀನು ಹೊಲಿಗೆ ಅಂಗಡಿಯಲ್ಲಿ ಎರಡು ದಿನ ರಜೆ ಕೇಳಿ ಬುಧವಾರವೇ ಬಾ. ಅಮ್ಮನನ್ನು ಒಂದು ಮಾತು ಕೇಳಬೇಕು, ಅದು ನಿನ್ನಿಂದಲೇ ಆಗಬೇಕು.

ನಿನ್ನ ಕೈಯ ಸೂಜಿ ಮುರಿಯದಿರಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ

ತಾ.ಕ.: ಆ ನೂರಿಪ್ಪತ್ತು ಸಾಲಿನಲ್ಲಿ ಒಂದು ಸುಳ್ಳು. ಎಪ್ಪತ್ತಮೂರನೆಯ ದಿನ ಅಮ್ಮ ಇಳಿದಿದ್ದಳು. ನಾನು ಮೂರು ದಿನ ಮಹಿಳಾ ಸಂಘದ ಸಭೆಗೆ ಹೋಗಿದ್ದೆ (ಆ ದಿನಗಳ ಸಾಲು ಕಾವಲಿನವರನ್ನು ಕೇಳಿ ಆಮೇಲೆ ಬರೆದದ್ದು), ಮನೆಯಲ್ಲಿ ಬೇಯಿಸಲು ಏನೂ ಉಳಿದಿರಲಿಲ್ಲ. ಬಸ್ಸಿಳಿದು ಬಂದರೆ ಅಮ್ಮ ಮೊಣಕಾಲುದ್ದ ನೀರಿನಲ್ಲಿ. ಕಾವಲಿಗಿದ್ದ ಬಲೆ ಚಿಕ್ಕಮ್ಮ ನೋಡಿಯೂ ನೋಡದಂತೆ ಕೂತಿದ್ದಳು. “ಮಕ್ಕಳಿಗೆ ಕಣೇ, ಎರಡೇ ಹಿಡಿ” ಎಂದಳು ಅಮ್ಮ. ನಾನು ಬುಟ್ಟಿ ಕಿತ್ತುಕೊಂಡು ನೀರಿಗೆ ಸುರಿದೆ. ಮನೆ ಮರ್ಯಾದೆ ಹೋಗಬಾರದೆಂದು ಆ ದಿನವೂ ‘ಯಾರೂ ಇಳಿಯಲಿಲ್ಲ’ ಎಂದೇ ಬರೆದೆ. ಅಂದಿನಿಂದ ಅಮ್ಮ ನನ್ನ ಜೊತೆ ಮಾತಾಡಿಲ್ಲ.

ಈಗ ನಿಜ ಹೇಳಿದರೆ ಇಡೀ ಪುಸ್ತಕವೇ ಸುಳ್ಳು ಅನ್ನಬಹುದು. ಆದರೂ ಹೇಳುತ್ತೇನೆ. ಆ ನೀರಿಲ್ಲದೆ ನಮ್ಮ ಒಲೆ ಉರಿಯುವುದಿಲ್ಲ ಅನ್ನಲು ನಮ್ಮಲ್ಲಿರುವ ದಾಖಲೆ ಅದೊಂದೇ. ಆ ಸಾಲು ಹೊಡೆದುಹಾಕಿ, ಕೆಳಗೆ ‘ಅಮ್ಮ ಇಳಿದಳು, ಮನೆಯಲ್ಲಿ ಮಕ್ಕಳು ಹಸಿದಿದ್ದವು’ ಎಂದು ಬರೆದು ಸಹಿ ಹಾಕಿದ್ದೇನೆ. ಗುರುವಾರ ಅವಳು ನನ್ನ ಪಕ್ಕ ನಿಲ್ಲುತ್ತಾಳಾ ಕೇಳು. ಅವಳಿಗೆ ಓದಲು ಬರುವುದಿಲ್ಲ, ನಾನು ಓದಿದರೆ ಎದ್ದು ಹೋಗುತ್ತಾಳೆ. ನೀನು ಬಂದು ಆ ಸಾಲು ಓದಿ ಹೇಳು.