ಎರಡು ಸಲ ಕರಿದ ಆಲೂಗಡ್ಡೆ

೧೦ ಜೂನ್ ೧೯೭೪, ಸೋಮವಾರ. ಹೊಸದುರ್ಗ.

ಐದಕ್ಕೆ ಎದ್ದೆ. ಐವತ್ತು ಬಸ್ಕಿ. ಸ್ನಾನ. ಉಪ್ಪಿಟ್ಟು ಮಾಡಿದೆ. ಗಂಟುಗಂಟು. ಮಗಳು ಜಯ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಏಳು ತಿಂಗಳು ತುಂಬಿದೆ. ಭದ್ರಾವತಿಯಿಂದ ಬಾಣಂತನಕ್ಕೆ ತವರಿಗೆ ಬಂದು ಹತ್ತು ದಿನ. ತವರು ಅಂದರೆ ನಾನೊಬ್ಬನೇ. ಅವರವ್ವ ಕೆಂಚಕ್ಕ ತೀರಿಹೋಗಿ ಎರಡು ವರ್ಷ. ಅವಳಿರೋವರೆಗೂ ಒಲೆ ಕಡೆ ತಲೆ ಹಾಕಿದವನಲ್ಲ.

ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ನಾನೂರು ಮಕ್ಕಳನ್ನ ಒಂದು ವಿಷಲ್‌ಗೆ ನಿಲ್ಲಿಸ್ತೀನಿ. ಒಬ್ಬಳು ಮಗಳಿಗೆ ಉಣ್ಣಿಸೋಕೆ ಆಗ್ತಿಲ್ಲ.

೧೨ ಜೂನ್, ಬುಧವಾರ.

ಆಸ್ಪತ್ರೆ. ಲೇಡಿ ಡಾಕ್ಟರ್ ತೂಕ ನೋಡಿ ಮುಖ ಸಣ್ಣಗೆ ಮಾಡಿದರು. ಒಂಚೂರೂ ಏರಿಲ್ಲ. "ಮಗು ಬೆಳೀಬೇಕಲ್ಲ ಮೇಷ್ಟ್ರೇ? ಏನು ಆಸೆಪಡ್ತಾಳೋ ಅದನ್ನ ಮಾಡಿಕೊಡ್ರಿ."

ವಾಪಸ್ ಬರೋವಾಗ ಕೇಳಿದೆ, ಏನು ಬೇಕು ಹೇಳು. ತಲೆ ತಗ್ಗಿಸಿದಳು. ನನ್ನ ಹತ್ತಿರ ನೇರವಾಗಿ ಏನೂ ಕೇಳಿದವಳೇ ಅಲ್ಲ. ಚಿಕ್ಕಂದಿನಿಂದ ಎಲ್ಲಾ ಅವ್ವನ ಕೈಲಿ ಹೇಳಿಸೋದು. ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಬಾಯಿ ಬಿಟ್ಟಳು:

"ಫಿಂಗರ್ ಚಿಪ್ಸ್, ಅಪ್ಪಾ."

"ಹಂಗಂದ್ರೆ?"

ಮದುವೆ ಹೊಸದರಲ್ಲಿ ಅಳಿಯ ಮುರುಗೇಶಪ್ಪ ಬೆಂಗಳೂರಿಗೆ ಕರ್ಕೊಂಡು ಹೋಗಿದ್ದ. ಅಲ್ಲೊಂದು ಹೋಟೆಲಲ್ಲಿ ತಿಂದಳಂತೆ. ಆಲೂಗಡ್ಡೇನ ಬೆರಳಿನಂಗೆ ಹೆಚ್ಚಿ ಕರಿಯೋದಂತೆ. ಮೇಲೆ ಗರಿಗರಿ, ಒಳಗೆ ಬೆಣ್ಣೆ. ಹೇಳೋವಾಗ ಕಣ್ಣು ಅಗಲ ಆಯ್ತು.

ಇಷ್ಟೇನಾ! ಅಂದೆ.

೧೩ ಜೂನ್, ಗುರುವಾರ. ಸಂಜೆ ೬.

ಇಷ್ಟೇ ಅಲ್ಲ.

ಹೆಚ್ಚಿದೆ. ಕಡ್ಲೆಕಾಯಿ ಎಣ್ಣೆ ಕಾಯಿಸಿದೆ. ಬಾಣಲೆ ತುಂಬಾ ಒಂದೇ ಸಲ ಸುರಿದೆ. ಎಣ್ಣೆ ನೊರೆ ನೊರೆ... ತೆಗೆದರೆ ಮೆತ್ತಗೆ. ಒಂದನ್ನ ಎತ್ತಿ ಹಿಡಿದೆ, ಬಗ್ಗಿ ನಮಸ್ಕಾರ ಹಾಕಿತು. ಜಯ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತಿನ್ನಲಿಲ್ಲ.

ಪಕ್ಕದ ಮನೆ ನಿಂಗಕ್ಕ ಕಾಂಪೌಂಡ್ ಮೇಲಿಂದ, "ಬಸುರಿಗೆ ಆಲೂಗಡ್ಡೆ ವಾಯು ಆಗ್ತೈತ್ರೀ ಮೇಷ್ಟ್ರೇ! ಕೊಡಬ್ಯಾಡ್ರಿ!" ಒಂದು ನಿಮಿಷ ಬಿಟ್ಟು ಅವರೇ, "ಹೆಚ್ಚಿದ್ದನ್ನ ನೀರಾಗೆ ನೆನೆಹಾಕ್ರಿ. ಗಂಜಿ ಬಿಡ್ಲಿ. ಬಾಳೇಕಾಯಿಗೆ ನಾವು ಹಂಗೇ ಮಾಡೋದು."

೧೬ ಜೂನ್, ಭಾನುವಾರ.

ಸೆಕೆಂಡ್ ಟ್ರಯಲ್. ಒಂದು ಗಂಟೆ ನೀರಲ್ಲಿ. ಒಗೆದ ಪಂಚೆ ಮೇಲೆ ಹರಡಿ ಒರೆಸಿದೆ. ಪಂಪ್ ಸ್ಟೌ ಜೋರಾಗಿ ಹೊಡೆದೆ. ಎರಡೇ ನಿಮಿಷಕ್ಕೆ ಕೆಂಪಗೆ. ಗೆದ್ದೆ ಅಂದುಕೊಂಡೆ.

ಜಯ ಕಚ್ಚಿದಳು. "ಒಳಗೆ ಹಸಿ ಐತಪ್ಪಾ."

ಏನಾಯ್ತೋ ಗೊತ್ತಿಲ್ಲ. ಗ್ರೌಂಡಲ್ಲಿ ಕೂಗೋ ಹಂಗೇ ಕೂಗಿಬಿಟ್ಟೆ. "ತಿಂದ್ರೆ ತಿನ್ನು, ಇಲ್ದಿದ್ರೆ ಬಿಡು! ನಾನೇನು ನಿಮ್ಮವ್ವನಾ?"

ಕೈ ತೊಳೆದಳು. "ನಾಳೆ ಬಸ್ ಹತ್ತಿಸು. ಭದ್ರಾವತಿಗೆ ಹೋಗ್ತೀನಿ." ರೂಮಿನ ಬಾಗಿಲು ಹಾಕಿಕೊಂಡಳು.

ಅಲ್ಲಿ ಅಳಿಯನಿಗೆ ಶಿಫ್ಟ್ ಕೆಲಸ. ನೋಡಿಕೊಳ್ಳೋರು ಯಾರು?

೨೩ ಜೂನ್, ಭಾನುವಾರ. ಮಧ್ಯಾಹ್ನ.

ವಾರ ಬರೆಯಲಿಲ್ಲ. ಬರೆಯೋಕೆ ಮುಖ ಇರಲಿಲ್ಲ. ಅಳಿಯನಿಗೆ ಕಾಗದ ಹಾಕಿ ಆಮೇಲೆ ಕಳಿಸ್ತೀನಿ ಅಂತ ಹೇಳಿ ದಿನ ತಳ್ಳಿದೆ. ಕಾಗದ ಹಾಕಲಿಲ್ಲ. ಇಬ್ಬರಿಗೂ ಮಾತಿಲ್ಲ.

ಇವತ್ತು ಬೆಳಿಗ್ಗೆ ಹೇಳದೆ ಕೇಳದೆ ಮತ್ತೆ ಹೆಚ್ಚಿದೆ. ನೆನೆಸಿದೆ. ಒರೆಸಿದೆ. ಈ ಸಲ ಉರಿ ಸಣ್ಣಗೆ, ಬಾಣಲೆಗೆ ಒಂದೊಂದೇ ಹಿಡಿ. ಒಳಗೆ ಬೆಂದಿತ್ತು, ಮೇಲೆ ಇನ್ನೂ ಬಿಳಿಚಿಕೊಂಡೇ ಇತ್ತು — ಸ್ಟೌ ಆರಿತು. ಸೀಮೆಎಣ್ಣೆ ಖಾಲಿ! ಎಲ್ಲಾ ಎತ್ತಿ ತಟ್ಟೆಗೆ ಹಾಕಿ ಬಾಟಲಿ ಹಿಡಿದು ನಿಂಗಕ್ಕನ ಮನೆಗೆ ಓಡಿದೆ.

ಬಾಟಲಿ ತುಂಬಿಸಿಕೊಟ್ಟರು. ಬಿಡಲಿಲ್ಲ. "ಕುಂತ್ಕಳ್ರಿ. ಅವತ್ತು ಕೂಗಿದ್ದು ನಮ್ಮನೆವರೆಗೂ ಕೇಳಿಸ್ತು. ಬೈಸ್ಕಳ್ಳಾಕೆ ತವರಿಗೆ ಬರ್ತಾರೇನ್ರಿ? ನಿಮ್ಮತ್ರ ಕೇಳಾಕೆ ಆ ಹುಡುಗಿಗೆ ಎಷ್ಟು ಧೈರ್ಯ ಬೇಕಾಗಿತ್ತೋ!"

ಬಾಟಲಿ ಹಿಡಿದು ಎದ್ದು ಬಂದೆ.

ಅರ್ಧ ಗಂಟೆ ಆಗಿತ್ತು. ಎಲ್ಲಾ ಆರಿ ತಣ್ಣಗೆ. ಕೆಟ್ಟಿತು ಅಂದುಕೊಂಡೇ ಎಣ್ಣೆ ಚೆನ್ನಾಗಿ ಕಾಯಿಸಿ ವಾಪಸ್ ಬಿಟ್ಟೆ. ಸದ್ದೇ ಬೇರೆ! ನೋಡ್ತಾ ನೋಡ್ತಾ ಹೊಂಬಣ್ಣ. ಸ್ಟೀಲ್ ತಟ್ಟೆಗೆ ಸುರಿದರೆ ಕಟಕಟ ಅಂದವು. ಉಪ್ಪು ಉದುರಿಸಿದೆ. ರೂಮಿನ ಬಾಗಿಲು ತಟ್ಟಿದೆ. ತೆಗೆದಳು. ತಟ್ಟೆ ಕೈಗಿಟ್ಟೆ.

ಕರುಂ!

ಇನ್ನೊಂದು. ಇನ್ನೊಂದು. ಬಾಯಿ ತುಂಬಾ ಇಟ್ಟುಕೊಂಡೇ, "ಅಪ್ಪಾ, ಇದೇ! ಇನ್ನೂ ಐತಾ?"

"ಐತೆ. ...ಅವತ್ತು ಕೂಗಿದ್ದು ತಪ್ಪಾತವ್ವ."

ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಈ ಮಾತು ಹೇಳಿದ್ದು ಇದೇ ಮೊದಲು. ಬಿಸಿಬಿಸಿ ಒಂದನ್ನ ನನ್ನ ಬಾಯಿಗಿಟ್ಟಳು. ನಾಲಗೆ ಸುಟ್ಟಿತು. ಉಗುಳಲಿಲ್ಲ.

ಬಸ್ಸಿನ ಸುದ್ದಿ ಇಬ್ಬರೂ ಎತ್ತಲಿಲ್ಲ.

೭ ಜುಲೈ, ಭಾನುವಾರ.

ತೂಕ ಎರಡು ಕೆಜಿ ಏರಿದೆ! ಚಿಪ್ಸ್ ವಾರಕ್ಕೆರಡು ಸಲ ಮಾತ್ರ ಅಂತ ಡಾಕ್ಟರ್ ಆರ್ಡರ್. ಆದರೆ ಅದರ ಹಿಂದೆಯೇ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಎಲ್ಲಾ ಒಳಗೆ ಹೋಗ್ತಿದೆ. ನಾನು ಕರೀತೀನಿ, ಅವಳು ಮಣೆ ಮೇಲೆ ಕೂತು ಮಾತಾಡ್ತಾಳೆ. ಎಷ್ಟು ಮಾತು! ಶಾಲೇಲಿ ನನಗೆ ಇಟ್ಟಿದ್ದ ಅಡ್ಡಹೆಸರೂ ಹೇಳಿದಳು. ಇಲ್ಲಿ ಬರೆಯೋದಿಲ್ಲ.

ಅಳಿಯ ಬಂದಿದ್ದ. ಒಂದು ತಟ್ಟೆ ಒಬ್ಬನೇ ಖಾಲಿ ಮಾಡಿದ. "ಮಾವ, ಬೆಂಗಳೂರಿನಾಗೂ ಹಿಂಗಿರಲಿಲ್ಲ." ಸುಳ್ಳೇ ಇರಲಿ. ಎದೆ ಉಬ್ಬಿತು.

ನಿಂಗಕ್ಕನೂ ತಟ್ಟೆ ಹಿಡಿದು ಬಂದರು. "ವಾಯು ಅಂದಿದ್ರಲ್ಲ?" ಅಂದೆ.

"ನಾನೇನು ಬಸುರಿಯೇನ್ರಿ? ಹಾಕ್ರಿ ಇನ್ನೊಂದೀಟು."

೪ ಆಗಸ್ಟ್, ಭಾನುವಾರ. ಬೆಳಿಗ್ಗೆ ೧೧-೧೦. ಆಸ್ಪತ್ರೆ ವರಾಂಡ.

ನರ್ಸಮ್ಮನ ಪೆನ್ಸಿಲ್ಲು. ಕೈ ಸುಮ್ಮನಿರಲ್ಲ, ಅದಕ್ಕೇ ಬರೀತಿದೀನಿ.

ಎಂಟಕ್ಕೆ ಎರಡನೇ ಸಲ ಎಣ್ಣೆಗೆ ಬಿಟ್ಟಿದ್ದೆ. "ಅಪ್ಪಾ, ನೋವು..." ಸ್ಟೌ ಆರಿಸಿ ಜಟಕಾ ತರೋಕೆ ಓಡಿದೆ. ಬರೋದರೊಳಗೆ ನಿಂಗಕ್ಕ ಬಟ್ಟೆ ಗಂಟು ಕಟ್ಟಿದ್ದರು. ಜಯ ಕೈಯಲ್ಲಿ ಪೇಪರ್ ಪೊಟ್ಟಣ! ಬಾಣಲೆಯಿಂದ ಅವಳೇ ಎತ್ತಿಕೊಂಡಿದ್ದಾಳೆ. ದಾರಿಯುದ್ದಕ್ಕೂ ನೋವು ಬಂದರೆ ನನ್ನ ಕೈ ಹಿಂಡೋದು, ಹೋದರೆ ಒಂದು ಚಿಪ್ಸ್ ತಿನ್ನೋದು. ಜಟಕಾದವನಿಗೂ ಒಂದು ಕೊಟ್ಟಳು. ಇಂಥಾ ಹೊತ್ತಲ್ಲೂ ನಗು ತಡೆಯೋಕಾಗಲಿಲ್ಲ.

ಒಳಗೆ ಹೋಗಿ ಎರಡು ಗಂಟೆ. ನಿಂಗಕ್ಕ ಬಾಗಿಲ ಹತ್ತಿರ ಕೂತಿದ್ದಾರೆ. ನನಗೆ ಕೂರೋಕಾಗ್ತಿಲ್ಲ. ನಿಂತೇ ಬರೀತಿದೀನಿ. ಕಾಗದದ ಮೇಲೆಲ್ಲಾ ಎಣ್ಣೆ ಬೆರಳು, ಪೆನ್ಸಿಲ್ ಜಾರ್ತಿದೆ...

ಅಳು! ಮಗು ಅಳು. ಏನು ಗಂಟಲಪ್ಪಾ ಅದು, ವಿಷಲ್ಲೇ ಬೇಡ!

ಬಾಗಿಲು ತೆಗೆದರು. ನರ್ಸಮ್ಮ ನಗ್ತಾ ಇದ್ದಾರೆ. "ತಾಯಿ ಮಗು ಇಬ್ರೂ ಚೆನ್ನಾಗವ್ರೆ. ತಾತ ಎಲ್ರೀ?"

ತಾತ. ನಾನೇ —