ಸೋಸಿದ ಬಟ್ಟೆ ತೊಳೆದ ನೀರು

ಅಣ್ಣಿಗೇರಿ
ಶನಿವಾರ, ೯ ನವೆಂಬರ್ ೨೦೨೪

ಮಗನೇ ಸಾಧಿಕ್,

ಶಲವಡಿಯ ಗುರವ್ವನ ಬೋರಮಾಳದಲ್ಲಿ ಕಡಿಮೆ ಬಿದ್ದಿದ್ದ ಬಂಗಾರ ನಿನ್ನೆ ನಮ್ಮ ಹಿತ್ತಲಿನಲ್ಲೇ ಸಿಕ್ಕಿದೆ. ಇದು ನನ್ನ ಮಾತಲ್ಲ, ಅಕ್ಕಸಾಲಿ ಕುಬೇರಪ್ಪ ಪತ್ತಾರರು ಒರೆಗಲ್ಲಿಗೆ ಉಜ್ಜಿ, ತಕ್ಕಡಿಯಲ್ಲಿಟ್ಟು ಹೇಳಿದ್ದು. ನಿನ್ನ ಕೆಮ್ಮು ಹೇಗಿದೆ ಎಂದು ಮೊದಲು ಕೇಳಬೇಕಿತ್ತು, ಈಗ ಕೇಳುತ್ತಿದ್ದೇನೆ. ಮಡಗಾಂವದ ಹವೆ ನಿನಗೆ ಒಗ್ಗುವುದಿಲ್ಲ, ಬಿಸಿನೀರು ಕುಡಿ. ನಿನ್ನ ತಾಯಿಯ ಮೊಣಕಾಲು ನೋವು ಇದ್ದ ಹಾಗೇ ಇದೆ. ಕಾಗದ ಯಾಕೆ ಅನ್ನುತ್ತೀಯಾ? ಫೋನಿನಲ್ಲಿ ನೀನು ಮಾತಾಡುತ್ತೀ, ಕೇಳಿಸಿಕೊಳ್ಳುವುದಿಲ್ಲ.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಗುರವ್ವ ಬಂಗಾರದ ಗುಂಡು ಪೋಣಿಸಿದ ಹರಿದ ಬೋರಮಾಳ ತಂದುಕೊಟ್ಟಳು. ಗುಂಡಿನೊಳಗಿನ ಅರಗು, ಬೆಸುಗೆ, ಕೊಳೆ ಎಲ್ಲ ತೆಗೆದು ಚೊಕ್ಕ ಮಾಡಿಕೊಟ್ಟರೆ ಮೊಮ್ಮಗಳು ರೋಹಿಣಿಗೆ ಸರ ಮಾಡಿಸುವ ಯೋಚನೆ ಅವಳದು. ನಿನ್ನ ಹೆಂಡತಿ ತಬಸುಮ್ ಎಂದಿನಂತೆ ತೇಜಾಬಿನ ಆಸಿಡ್ಡಿನಲ್ಲಿ ಕರಗಿಸಿ, ಸೋಸಿ, ಬಂಗಾರ ಬೇರ್ಪಡಿಸುವ ಅನ್ನಭೇದಿ ಉಪ್ಪು ಹಾಕಿದಳು. ಬಂಗಾರ ಕಂದು ಪುಡಿಯಾಗಿ ತಳಕ್ಕೆ ಕುಳಿತಿತು. ಆ ಪುಡಿ ಹಿಡಿಯಲು ನಮ್ಮ ಮನೆಯಲ್ಲಿ ಹಳೆಯ ಧೋತರವನ್ನು ಪದರು ಪದರಾಗಿ ಕಟ್ಟುತ್ತೇವೆ, ಆಮೇಲೆ ಅದನ್ನು ತೊಳೆಯುವುದಿಲ್ಲ. ಒಣಗಿಸಿ ಸುಟ್ಟು, ಬೂದಿಗೆ ಬಿಳಿಗಾರ ಕೂಡಿಸಿ ಮೂಸೆಯಲ್ಲಿ ಕರಗಿಸಿದರೆ ಎಳೆಯಲ್ಲಿ ಸಿಕ್ಕಿಕೊಂಡ ಬಂಗಾರವೂ ಹೊರಗೆ ಬರುತ್ತದೆ. ನೀನು ಯಾವುದೋ ವಿಡಿಯೋ ನೋಡಿ ಪಾಲಿಯೆಸ್ಟರ್ ಬಟ್ಟೆ ಪಾರ್ಸೆಲ್ ಕಳಿಸಿದೆ. ಇನ್ನು ಎಲ್ಲಕ್ಕೂ ಇದೇ, ತೊಳೆದು ಮತ್ತೆ ಬಳಸಿರಿ ಎಂದು ಹುಕುಂ ಮಾಡಿದೆ. ತಬಸುಮ್ ಆವತ್ತೇ ಫೋನಿನಲ್ಲಿ ನಿನಗೆ ಹೇಳಿದ್ದಳು, "ಇದನ್ನ ಸುಟ್ರ ಬೂದಿ ಆಗೂದಿಲ್ರಿ, ಕರಗಿ ಅಂಟ್ಕೋತೈತಿ. ಸಣ್ಣ ಪುಡಿನೂ ಇದರಾಗ ನಿಲ್ಲೂದಿಲ್ಲ." ನೀನು ನಕ್ಕು, "ಧೋತರದ ಕಾಲ ಮುಗೀತ ಬೇ" ಎಂದೆ. ನಿನ್ನ ಮಾತಿಗೆ ಕಟ್ಟುಬಿದ್ದು ಗುರವ್ವನ ಬಂಗಾರದ ಪುಡಿಯನ್ನೂ ಅವಳು ಆ ಬಟ್ಟೆಯಲ್ಲೇ ಸೋಸಿ, ಬಟ್ಟೆ ತೊಳೆದಿಟ್ಟಳು. ತೇಜಾಬಿಗೆ ಹತ್ತಿ ತಡೆಯುವುದಿಲ್ಲ ಎಂಬ ನಿನ್ನ ಮಾತು ನಿಜ, ತೇಜಾಬಿನ ನೀರು ಸೋಸಲು ನಿನ್ನ ಬಟ್ಟೆಯೇ ಸರಿ. ಆದರೆ ಬಂಗಾರದ ಪುಡಿ ಹಿಡಿಯುವ ಬಟ್ಟೆ ಸುಡುವಂಥದ್ದಾಗಿರಬೇಕು. ಇದು ನಿನಗೆ ಗೊತ್ತಿಲ್ಲದ್ದಲ್ಲ. ಈ ಮನೆಯಲ್ಲೇ ಬೆಳೆದವನು ನೀನು.

ತೂಕ ಕಡಿಮೆ ಬಂದ ದಿನ ಗುರವ್ವ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಏನು ಕಾರಣವಿರಬಹುದು ಎಂದು ನಿನ್ನನ್ನು ಕೇಳಲು ತಬಸುಮ್ ಫೋನನ್ನು ಸ್ಪೀಕರಿಗೆ ಹಾಕಿ ಅಲ್ಲೇ ಇಟ್ಟಳು. ನೀನು ಗುರವ್ವನಿಗೆ ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ: "ಯವ್ವಾ, ಬಂಗಾರಕ್ಕೇನ ರೆಕ್ಕಿ ಇರೂದಿಲ್ಲ. ಅಕೀ ಟ್ರಂಕ್ ತೆಗಸಿ ನೋಡ್ರಿ. ಇಲ್ಲಾ, ಬಮ್ಮಿಗಟ್ಟಿಗೆ ಹೋಗಿರ್ತೈತಿ." ಬಮ್ಮಿಗಟ್ಟಿ ಅವಳ ತವರು. ಯಾರೂ ಕೇಳಲಿಲ್ಲ, ಆದರೂ ತಬಸುಮ್ ಒಳಗೆ ಹೋಗಿ ಟ್ರಂಕ್ ಎಳೆದುಕೊಂಡು ಬಂದು ಗುರವ್ವನ ಮುಂದೆ ತೆರೆದಳು. ಗುರವ್ವ ಮುಖ ಆಚೆ ತಿರುಗಿಸಿ, "ಮುಚ್ಚವ್ವಾ, ನಾ ಏನೂ ನೋಡೂದಿಲ್ಲ" ಎಂದಳು. ಅಷ್ಟರಲ್ಲಿ ನೀನು ಫೋನ್ ಇಟ್ಟಾಗಿತ್ತು. ಪತ್ತಾರರ ಅಂಗಡಿಯ ಕಸ, ಅವರು ಕೂತೆದ್ದ ಹಳೆ ಚಾಪೆ, ಕೈತೊಳೆದ ನೀರು, ಇವನ್ನೆಲ್ಲ ತಂದು ಬಂಗಾರ ತೆಗೆದು ಹೊಟ್ಟೆ ಹೊರೆದ ಮನೆತನ ನಮ್ಮದು. ಅಂಥ ಮನೆಯ ಮಗ ಬಟ್ಟೆ ತೊಳೆದ ನೀರು ಎಲ್ಲಿದೆ ಎಂದು ಕೇಳಲಿಲ್ಲ, ಹೆಂಡತಿಯ ಟ್ರಂಕ್ ತೆಗೆಸಿರಿ ಎಂದ. ಪೇಪರಿನವರು ಸಹ ಆಧಾರವಿಲ್ಲದೆ ಒಬ್ಬರ ಹೆಸರು ಹಾಕುವುದಿಲ್ಲ.

ಆ ನೀರು ಎಲ್ಲಿಗೂ ಹೋಗಿರಲಿಲ್ಲ. ಬಂಗಾರ ಮುಟ್ಟಿದ ನೀರು ಮೋರಿ ಕಾಣಬಾರದು ಎಂದು ನಿನ್ನ ತಾಯಿ ಕಲಿಸಿದ್ದನ್ನು ಸೊಸೆ ಮರೆತಿಲ್ಲ. ನಿನ್ನ ಬಟ್ಟೆ ತೊಳೆದ ನೀರನ್ನು ಹಿತ್ತಲಿನ ಬಕೇಟಿಗೆ ಸುರಿದು ಮುಚ್ಚಿಟ್ಟಿದ್ದಳು. ಟ್ರಂಕ್ ತೆರೆದ ಮೇಲೆ ಅವಳು ಆ ಕಡೆ ಕಾಲಿಡಲಿಲ್ಲ. ಅದಕ್ಕೇ ಸಿಗುವುದು ತಡವಾಯಿತು. ನಿನ್ನೆ ನಾನೇ ಅದನ್ನು ಧೋತರದಲ್ಲಿ ಸೋಸಿ, ಬಟ್ಟೆ ಒಣಗಿಸಿ ಸುಟ್ಟು, ಬೂದಿಯನ್ನು ಕುಬೇರಪ್ಪನವರಲ್ಲಿಗೆ ಒಯ್ದು ಕರಗಿಸಿದೆ. ಮೂಸೆಯ ತಳದಲ್ಲಿ ಗುಂಡು ಹೊಳೆಯಿತು. ತಂದು ತೋರಿಸಿದರೆ ತಬಸುಮ್ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನನಗ್ಯಾಕ ತೋರಸ್ತೀರಿ ಮಾವಾ, ನಿಮ್ಮ ಮಗಗ ತೋರಸ್ರಿ" ಅಂದಳು, ಅಷ್ಟೇ. ಅವಳು ಟ್ರಂಕನ್ನು ಒಳಗೆ ಒಯ್ದಿಲ್ಲ. ಬಟ್ಟೆ ತುಂಬಿಸಿ ಬಾಗಿಲ ಬಾಜೂ ಇಟ್ಟಿದ್ದಾಳೆ. ನಾನೂ ನಿನ್ನ ತಾಯಿಯೂ ಅದನ್ನು ಸುತ್ತಿಕೊಂಡು ಓಡಾಡುತ್ತಿದ್ದೇವೆ.

ಅಲ್ಲಾಹ್ ನಿನಗೆ ಆರೋಗ್ಯ ಕೊಡಲಿ, ಅದರ ಜೊತೆ ಬುದ್ಧಿಯನ್ನೂ ಕೊಡಲಿ. ನಿನ್ನ ತಾಯಿ ಹಲೀಮಾಬಿಯ ದುವಾ ನಿನ್ನ ಮೇಲಿದೆ, ಸಿಟ್ಟೂ ಇದೆ.

ನಿನ್ನ ತಂದೆ,
ಇಸ್ಮಾಯಿಲಸಾಬ

ತಾ.ಕ.: ಗುರವ್ವ ಬರುವ ಶುಕ್ರವಾರ, ಹದಿನೈದಕ್ಕೆ, ಜುಮ್ಮಾ ನಮಾಜಿನ ನಂತರ ಬಂಗಾರ ಒಯ್ಯಲು ಬರುತ್ತಾಳೆ. ಫೋನನ್ನು ಅದೇ ಕಟ್ಟೆಯ ಮೇಲೆ ಸ್ಪೀಕರಿಗೆ ಹಾಕಿ ಇಡುತ್ತೇನೆ, ತಬಸುಮ್ ಅಲ್ಲೇ ಕುಳಿತಿರುತ್ತಾಳೆ. ಅಂದ ಮಾತನ್ನು ಗುರವ್ವನ ಎದುರಿಗೇ ವಾಪಸ್ ತಗೋಬೇಕು. ಬಮ್ಮಿಗಟ್ಟಿಗೆ ಹೋಗುವವರು ಹಿಡಿಯುವ ಹುಬ್ಬಳ್ಳಿ ಬಸ್ಸು ನಾಲ್ಕು ಗಂಟೆಗೆ ಬಿಡುತ್ತದೆ.