ಮೂರನೇ ಗಂಟೆಯ ಮಾತು

ಮಾರ್ಚ್ ೧೪, ಗುರುವಾರ
ಮಧ್ಯಾಹ್ನ

ಮಗಳೇ,

ಅಪ್ಪ ನಿನ್ನನ್ನು ಕರೆಯುತ್ತಿದ್ದ ಹೆಸರಿನಿಂದಲೇ ಶುರು ಮಾಡೋಣವೆಂದು ಎರಡು ಹಾಳೆ ಕೆಡಿಸಿದೆ. ಕೈ ಬರಲಿಲ್ಲ.

ಮೊನ್ನೆ ಅಳಿಯಂದಿರು ಬಂದಿದ್ದರು. ನೀನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ. "ಅತ್ತೆ, ಮಾವ ಕೊನೇದಾಗಿ ಆಡಿದ್ದು ಆ ಒಂದೇ ಮಾತು ಅಂತ ಅದನ್ನೇ ಹಿಡ್ಕೊಂಡು ಕೂತಿದ್ದಾಳೆ" ಎಂದರು. ಅಪ್ಪ ತೀರಿಹೋದ ದಿನ ನೀನು ಬಾಗಿಲ ತನಕ ಬಂದು ಹಾಗೇ ತಿರುಗಿ ಹೋದದ್ದನ್ನು ನಾನೂ ನೋಡಿದ್ದೆ. ಅದಕ್ಕೇ ಈ ಪತ್ರ.

ಅಪ್ಪನ ಡಯಾಲಿಸಿಸ್ ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ ಎಂಟಕ್ಕೆ ಕುರ್ಚಿಗೆ ಒರಗಿದರೆ ಹನ್ನೆರಡಕ್ಕೆ ಏಳುವುದು. "ಈ ಮೆಷಿನ್ನು ನನ್ನ ಒಗೆದು ಹಿಂಡಿ ಕಳಿಸುತ್ತೆ ಕಣೇ, ಇಸ್ತ್ರಿ ಮಾತ್ರ ಮಾಡಲ್ಲ" ಎಂದು ನಗುತ್ತಿದ್ದರು. ಮೊದಮೊದಲು ಮನೆಗೆ ಬಂದು ಉಂಡವರೇ ಹೊಲಿಗೆ ಅಂಗಡಿಗೆ ಹೋಗಿ ಕತ್ತರಿ ಹಿಡಿಯುತ್ತಿದ್ದರು. ಒಂದು ಬುಧವಾರ ಶಾಲೆಯ ಮೇಷ್ಟ್ರ ಅಂಗಿಯ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಬಿಟ್ಟರು. "ಮಾಸ್ಟರ್, ಬಲಗೈನ ಮನೇಲೇ ಬಿಟ್ಟು ಬರ್ಲಾ?" ಎಂದು ಮೇಷ್ಟ್ರು ತಮಾಷೆ ಮಾಡಿದರು. ಅಪ್ಪ ನಗಲಿಲ್ಲ. ನಲವತ್ತು ವರ್ಷ ಕಣ್ಣು ಮುಚ್ಚಿ ಕತ್ತರಿಸಿದ ತೋಳು. ಗುರುವಾರ ಬೆಳಿಗ್ಗೆ ಮಾತ್ರ ಅದೇ ಕೈ ಒಂದು ನೂಲೂ ತಪ್ಪಲಿಲ್ಲ.

ನಾನು ಹೋಗಿ ನರ್ಸಮ್ಮನನ್ನು ಕೇಳಿದೆ. ಮೆಷಿನ್ನು ಮೈಯಲ್ಲಿ ನಿಂತ ನೀರನ್ನು ಎಳೆಯುತ್ತದಂತೆ. ಎಳೆದಷ್ಟೂ ಕೆಲವರಿಗೆ ತಲೆಗೆ ಹರಿಯುವ ರಕ್ತ ಕಡಿಮೆಯಾಗುತ್ತದಂತೆ. ಆಗ ಯೋಚನೆ ಮಂದವಾಗುತ್ತದೆ, ಸಿಟ್ಟು ಬರುತ್ತದೆ, ಆಡಿದ್ದು ನೆನಪಲ್ಲಿ ನಿಲ್ಲುವುದಿಲ್ಲ. ಮಾರನೆಯ ದಿನಕ್ಕೆ ತಿಳಿಯಾಗುತ್ತದೆ. "ಇವರಿಗೆ ಮೂರನೇ ಗಂಟೆ ಮೇಲೆ ಜಾಸ್ತಿ. ಆಗ ಏನೂ ತೀರ್ಮಾನ ಕೇಳ್ಬೇಡಿ ಅಮ್ಮ. ಗಂಡ ಹೆಂಡ್ತಿ ಜಗಳ ಇದ್ರೂ ಮಂಗಳವಾರಕ್ಕೆ ಇಟ್ಕೊಳ್ಳಿ" ಎಂದಳು. ಅಂದಿನಿಂದ ಮೆಷಿನ್ ದಿನ ಅಪ್ಪ ಕತ್ತರಿ ಮುಟ್ಟುವಂತಿಲ್ಲ ಎಂದು ಕಟ್ಟು ಮಾಡಿದೆ. ಅವರು ಗುಂಡಿ ಹೊಲಿಯುತ್ತಾ ಕೂರುತ್ತಿದ್ದರು.

ಈಗ ಆ ದಿನದ ಮಾತು. ನಿನ್ನ ಮದುವೆಯಾದಾಗಿನಿಂದ ನಿನಗೂ ಅಪ್ಪನಿಗೂ ಮಾತಿರಲಿಲ್ಲ. ಆದರೂ ನೀನು ಯಾರಿಗೂ ಹೇಳದೆ ರಕ್ತ ಪರೀಕ್ಷೆ ಮಾಡಿಸಿಕೊಂಡೆ, ಹೊಂದುತ್ತದೆ ಎಂದು ತಿಳಿದು ನನಗೆ ಫೋನ್ ಮಾಡಿದೆ. "ನಾನು ಒಂದು ಕಿಡ್ನಿ ಕೊಡ್ತೀನಮ್ಮ, ಅಪ್ಪ ಹೂಂ ಅಂದ್ರೆ ಸಾಕು" ಅಂದೆ. ಬಂದೆ. ಕುರ್ಚಿಯ ಪಕ್ಕ ನಿಂತು ಕೇಳಿದೆ. ಅವರು ಕಣ್ಣೂ ಪೂರ್ತಿ ತೆರೆಯದೆ, "ನಿಂದೇನೂ ನಂಗೆ ಬೇಡ. ಎದುರಿಗೆ ನಿಲ್ಬೇಡ, ಹೋಗು" ಎಂದರು. ಅಕ್ಕಪಕ್ಕದ ಕುರ್ಚಿಯವರೆಲ್ಲ ನೋಡಿದರು. ನೀನು ಹೋದೆ.

ಅದು ಅಪ್ಪನ ಮಾತಲ್ಲ ಮಗಳೇ. ರಕ್ತ ಹತ್ತದ ತಲೆಯ ಮಾತು. ಅದೊಂದು ಮಾತಿಗಾಗಿ ನೀನು ಉಪವಾಸ ಬೀಳಬೇಡ.

ಇಲ್ಲಿಗೇ ಮುಗಿಸೋಣ ಅಂದುಕೊಂಡಿದ್ದೆ. ಆದರೆ ನೀನು ದಡ್ಡಿಯಲ್ಲ, ಕೇಳಿಯೇ ಕೇಳುತ್ತೀಯ: ಎಲ್ಲ ಗೊತ್ತಿದ್ದವಳು ಬುಧವಾರ ಹನ್ನೊಂದಕ್ಕೇ ಯಾಕೆ ಬರಹೇಳಿದೆ ಅಂತ.

ಬೇಕೆಂದೇ ಹೇಳಿದೆ. ಅವರು ಸಿಡುಕಲಿ, ನೀನು ಮುನಿಸಿಕೊಂಡು ಹೋಗಲಿ ಎಂದೇ. ನಿನ್ನ ಕಂಕುಳಲ್ಲಿ ಎರಡು ವರ್ಷದ ಕೂಸು. ನನ್ನ ಕಿಡ್ನಿ ಸಕ್ಕರೆ ಕಾಯಿಲೆಗೆ ಬಲಿಯಾದದ್ದು, ಯಾರಿಗೂ ಬೇಡದ್ದು. ಒಬ್ಬರನ್ನು ಆ ಕುರ್ಚಿಯಲ್ಲಿ ವಾರಕ್ಕೆ ಮೂರು ದಿನ ನೋಡುತ್ತಿದ್ದೆ. ಇನ್ನೊಬ್ಬಳ ಹೊಟ್ಟೆ ಕುಯ್ಯಲು ಹೂಂ ಅನ್ನುವ ಎದೆ ನನಗಿರಲಿಲ್ಲ. ಬೇಡ ಎಂದು ನಾನೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ಗಂಡನನ್ನು ಸಾಯಲು ಬಿಟ್ಟವಳು ಎಂದು ನೀನೇ ಅನ್ನುತ್ತಿದ್ದೆ. ಆ ಹೆಸರು ಬೇಡವೆಂದು ಅವರ ಬಾಯಿಂದ ಆಡಿಸಿದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿ. ಎರಡು ತುತ್ತು ಉಂಡು ಬಯ್ಯಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಇದನ್ನು ಬರೆಯಬಾರದೆಂದೇ ಮೇಲೆ ಸಹಿ ಹಾಕಿ ಮುಗಿಸಿದ್ದೆ: ನೀನು ಬಂದು ಹೋದ ಮಾರನೆಯ ಬೆಳಿಗ್ಗೆ ಅಪ್ಪ ತಿಳಿಯಾಗಿದ್ದರು. ಹಿಂದಿನ ದಿನದ್ದು ಒಂದೂ ನೆನಪಿರಲಿಲ್ಲ. ಗಡ್ಡ ಹೆರೆದುಕೊಂಡು ಬಂದು, "ಮಗಳು ಬರ್ತಾಳೆ ಅಂತ ನೀನೇ ಅಂದಿದ್ಯಲ್ಲ, ಬಂದಿದ್ಲಾ? ಕಿಡ್ನಿ ಕೊಡ್ತೀನಿ ಅಂದ್ರೆ ನಾಚಿಕೆ ಬಿಟ್ಟು ಇಸ್ಕೋತೀನಿ ಕಣೇ. ಇನ್ನೂ ಸ್ವಲ್ಪ ದಿನ ಇರ್ಬೇಕು ಅನ್ಸುತ್ತೆ" ಎಂದರು. ನೀನು ಬರಲೇ ಇಲ್ಲ ಎಂದು ನಾನೇ ಹೇಳಿದೆ. ಆಮೇಲೆ ನಾಲ್ಕು ತಿಂಗಳು ಬದುಕಿದ್ದರು. ಮತ್ತೆ ಕೇಳಲಿಲ್ಲ.